ಹುಳುಮನೆಯ ಮಡಿ

ಪೂಜ್ಯ ಮುನಿತಾಯಮ್ಮನವರು ತಮ್ಮ ಬಾಳಿನ ಕೊನೆಯ ಇಪ್ಪತ್ತು ವರ್ಷಗಳನ್ನು ಕಳೆದದ್ದು ಹದ್ದಿನಗುಟ್ಟವೆಂಬ ಬೆಟ್ಟದ ಬುಡದಲ್ಲಿ, ಹಳೆಯ ಕಲ್ಲುಬಾವಿಯೊಂದರ ಪಕ್ಕದ ಗುಡಿಸಲಿನಲ್ಲಿ. ಭಕ್ತರು ಗೌರವದಿಂದ ಅದನ್ನು ಆಶ್ರಮ ಎನ್ನುತ್ತಿದ್ದರು. ಆದರೆ ಅದು ಗುಡಿಸಲೇ ಎಂದು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಶ್ರಮವೆಂದರೆ ಓದುವವರ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ. ಒಂದು ಬಾಗಿಲು, ಒಳಗೆ ಒಂದು ಚಾಪೆ, ಒಂದು ನೀರಿನ ಮಡಕೆ, ಗೋಡೆಯ ಮಾಡದಲ್ಲಿ ಒಂದು ಹಣತೆ. ಇಷ್ಟೇ ಅಲ್ಲಿದ್ದದ್ದು.

ಅಮ್ಮನವರು ಮಠದಲ್ಲಿ ಬೆಳೆದವರಲ್ಲ. ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿ ಮಾಡಿದವರು. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ, ಅದರಿಂದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ರಾಟೆಗೆ ಕೊಡಬೇಕು. ಹಾಗೆ ಬೆಂದು ಬೆಂದು ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಒಂದು ದಿನ ಆ ಕೆಲಸ ಬಿಟ್ಟು ಗುಟ್ಟದ ಬುಡಕ್ಕೆ ಬಂದು ಕುಳಿತರು. ಏಕೆ ಬಂದರೆಂದು ಯಾರಿಗೂ ಹೇಳಲಿಲ್ಲ. ಗೂಡಿನೊಳಗಿನ ಹುಳ ಸಾಯುತ್ತದಲ್ಲ, ಆ ಪಾಪಕ್ಕೆ ಹೆದರಿ ಬಿಟ್ಟರೇ ಎಂದು ಕೆಲವರು ಕೇಳುತ್ತಾರೆ. ನನಗೆ ತಿಳಿದಂತೆ ಅಮ್ಮನವರು ಹುಳ ಸಾಕುವವರನ್ನಾಗಲಿ ನೂಲು ತೆಗೆಯುವವರನ್ನಾಗಲಿ ಒಂದು ದಿನವೂ ಹಳಿದವರಲ್ಲ. ಆ ಸುತ್ತಿನ ಊರುಗಳಲ್ಲಿ ಅದು ಅನ್ನದ ದಾರಿ. ಅವರು ಅದನ್ನು ಬಲ್ಲವರಾಗಿದ್ದರು.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಈ ಪ್ರಸಂಗದಲ್ಲಿ ಪವಾಡವಿಲ್ಲ. ಕಾಯಿಲೆಯೆಂದು ಬಂದವರಿಗೆ ಅಮ್ಮನವರ ಮೊದಲ ಪ್ರಶ್ನೆ "ಡಾಕ್ಟರಿಗೆ ತೋರ್ಸಿದ್ರಾ?" ಎಂಬುದೇ ಆಗಿರುತ್ತಿತ್ತು. ತೋರಿಸಿಲ್ಲವೆಂದರೆ ತೀರ್ಥವನ್ನೂ ಕೊಡದೆ ಕಳಿಸುತ್ತಿದ್ದರು.

ನಾನು ಈಗ ಬರೆಯುತ್ತಿರುವುದನ್ನು ನನಗೆ ಹೇಳಿದವರು ಕಲ್ಲುಕುಂಟೆಯ ನಾಗವೇಣಮ್ಮನವರು. ಅವರಿಗೆ ಈಗ ಅರವತ್ತು ದಾಟಿದೆ. ಆಗ ಅವರು ಇಪ್ಪತ್ತೈದರ ಸೊಸೆ. "ಆವಾಗಿನ ನನ್ನನ್ನ ನಾಗವೇಣಿ ಅಂತಲೇ ಬರೀರಿ" ಎಂದು ಅವರೇ ಹೇಳಿದ್ದರಿಂದ ಹಾಗೆಯೇ ಬರೆಯುತ್ತೇನೆ, ಅಗೌರವವೆಂದು ಭಾವಿಸಬಾರದು.

ನಾಗವೇಣಿಯ ಗಂಡ ಪಿಳ್ಳಪ್ಪ. ಮನೆಯಲ್ಲಿ ಅವನ ತಾಯಿ ಅಕ್ಕಯ್ಯಮ್ಮ, ಮತ್ತು ನಾಲ್ಕು ವರ್ಷದ ಮಗಳು ಸುಕನ್ಯ. ಪಿಳ್ಳಪ್ಪ ಹುಳ ಸಾಕುವುದರಲ್ಲಿ ಆ ಸುತ್ತಿಗೆ ಹೆಸರಾದವನು. ಬೇರೆಯವರ ಹುಳ ರೋಗ ಬಂದು ಕರಗಿಹೋದ ವರ್ಷಗಳಲ್ಲೂ ಅವನ ಮನೆಯಲ್ಲಿ ಗೂಡು ಚೆನ್ನಾಗಿಯೇ ಆಗುತ್ತಿತ್ತು. ಅದಕ್ಕೆ ಕಾರಣ ಅವನ ಕಟ್ಟುನಿಟ್ಟು.

ರೇಷ್ಮೆಹುಳ ಬಹಳ ಸೂಕ್ಷ್ಮದ ಜೀವಿ. ಹುಟ್ಟಿದಾಗ ಸಾಸಿವೆಗಿಂತ ಸಣ್ಣದಿರುವ ಹುಳ ಇಪ್ಪತ್ತೈದು ದಿನಗಳಲ್ಲಿ ಬೆರಳಿನಷ್ಟಾಗುತ್ತದೆ. ನಡುವೆ ನಾಲ್ಕು ಸಲ ಅದು ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ನಿಂತು, ಹಳೆಯ ಚರ್ಮ ಕಳಚುತ್ತದೆ. ಇದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಯಾರೋ ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಮೇವು ಹಾಕಿದರೆ ಸಾಕು, ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದು ಸೊಪ್ಪಿನ ಮೇಲೆ ಕುಳಿತರೆ ಸಾಕು, ಹುಳ ಹಸಿರು ನೀರು ಕಕ್ಕಿ ಒದ್ದಾಡಿ ಸಾಯುತ್ತದೆ. ಔಷಧಿ ಎಂದರೆ ಇಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ. ಹೊಲದವರು ಹಾಗೆಯೇ ಕರೆಯುವುದು.

ಆದ್ದರಿಂದ ಪಿಳ್ಳಪ್ಪನ ಹುಳುಮನೆಗೆ ದೇವರ ಕೋಣೆಗಿಂತ ಹೆಚ್ಚಿನ ಮಡಿ. ಹೊರಗಿನವರು ಒಳಗೆ ಬರುವಂತಿಲ್ಲ. ಮನೆಯವರೂ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಕಾಲು ತೊಳೆದು ಒಳಗೆ ಹೋಗಬೇಕು. ಅವನ ಟೊಮೇಟೊ ತೋಟ ಕೆಳಗಿನ ಹೊಲದಲ್ಲಿತ್ತು. ಅಲ್ಲಿ ಔಷಧಿ ಹೊಡೆದ ದಿನ ಅವನು ತಲೆಗೆ ಸ್ನಾನ ಮಾಡಿಯೂ ಹುಳುಮನೆಗೆ ಕಾಲಿಡುತ್ತಿರಲಿಲ್ಲ. ಆ ದಿನ ಮೇವು ಹಾಕುವ ಕೆಲಸ ನಾಗವೇಣಿಯದು.

ಆ ವರ್ಷ ಸುಕನ್ಯಳಿಗೆ ಕಾಯಿಲೆ ಶುರುವಾಯಿತು. ಚೆನ್ನಾಗಿಯೇ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ವಾಂತಿ ಮಾಡುವುದು, ಬಾಯಿಂದ ಜೊಲ್ಲು ಸುರಿಯುವುದು, ಮೈಯೆಲ್ಲ ತಣ್ಣಗೆ ಬೆವರಿ ಕೈಕಾಲು ಬಿಟ್ಟುಬಿಡುವುದು. ತಾಲ್ಲೂಕಿನ ಆಸ್ಪತ್ರೆಗೆ ಓಡಿದರು. ಮೂರು ದಿನದಲ್ಲಿ ಮಗು ಗೆಲುವಾಗಿ ಮನೆಗೆ ಬಂತು. ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಅದೇ. ಮತ್ತೆ ಆಸ್ಪತ್ರೆ, ಮತ್ತೆ ಗುಣ. ಮೂರನೆಯ ಸಲ ಡಾಕ್ಟರು ಪಿಳ್ಳಪ್ಪನನ್ನು ಪಕ್ಕಕ್ಕೆ ಕರೆದು, "ಮನೆಯಲ್ಲಿ ಮಗುವಿನ ಕೈಗೆ ಸಿಗೋ ಹಾಗೆ ಏನಾದರೂ ವಿಷದ ಡಬ್ಬ ಇಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ ಸಾರ್. ಎಲ್ಲಾ ಪಂಪ್‌ಶೆಡ್ಡಲ್ಲಿ ಬೀಗ ಹಾಕಿಟ್ಟಿದ್ದೀನಿ. ಬೀಗದಕೈ ನನ್ನ ಉಡದಾರದಲ್ಲಿ ಇರ್ತದೆ" ಎಂದ ಪಿಳ್ಳಪ್ಪ. ಅವನು ಹೇಳಿದ್ದು ನಿಜ. ಅವನು ಸುಳ್ಳು ಹೇಳಿದನೆಂದು ಯಾರೂ ತಿಳಿಯಬಾರದು.

ಈ ನಡುವಿನ ದಿನಗಳನ್ನು ನೆನೆದರೆ ನಾಗವೇಣಮ್ಮನವರ ದನಿ ಇಂದಿಗೂ ಕುಗ್ಗುತ್ತದೆ. ಮಗು ಚೆನ್ನಾಗಿದ್ದಷ್ಟೂ ಅವರಿಗೆ ಭಯ. ನಕ್ಕರೆ ಭಯ, ಓಡಿದರೆ ಭಯ, ಮಧ್ಯಾಹ್ನ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು. ತಾವು ಹತ್ತಿರವಿಲ್ಲದಾಗ ಆಗಿಬಿಟ್ಟರೆ ಎಂದು ಸೊಪ್ಪು ಕುಯ್ಯಲು ಹೋದವರು ಅರ್ಧ ಹೊರೆಗೇ ಓಡಿ ಬರುತ್ತಿದ್ದರು. ಮೂರನೆಯ ಸಲ ಬಿಡುಗಡೆ ಮಾಡುವಾಗ ಡಾಕ್ಟರು, "ಇನ್ನೊಂದು ಸಲ ಇಷ್ಟು ಜೋರಾಗಿ ಬಂದರೆ ಮಗು ತಡಕೊಳ್ಳೋದು ಕಷ್ಟ" ಎಂದಿದ್ದರು. ಆ ಮಾತು ಕಿವಿಯಿಂದ ಹೋಗಲಿಲ್ಲವಂತೆ.

ಅಕ್ಕಯ್ಯಮ್ಮ ಹಟ ಹಿಡಿದಳು. "ಗುಟ್ಟದಮ್ಮನ ಹತ್ರ ಒಂದ್ಸಲ ಮಗೂನ ತೋರ್ಸು."

"ಆಯಮ್ಮ ಏನ್ ಮಾಡ್ತಾಳವ್ವಾ? ನಿನ್ನೆ ಮೊನ್ನೆವರೆಗೂ ನೂಲು ತೆಗೀತಿದ್ದೋಳು. ಮೂಟೆ ಹೊತ್ಕೊಂಡು ಹೋಗಿ ನಾನೇ ಗೂಡು ಸುರಿದು ಬಂದಿದ್ದೀನಿ ಆಯಮ್ಮನ ಮುಂದೆ. ಇವತ್ತು ಹೋಗಿ ಕಾಲಿಗೆ ಬೀಳ್ಲಾ?"

"ಬೀಳು. ನಿನ್ನ ಸೊಂಟ ಏನೂ ಮುರಿಯಲ್ಲ."

"ಹುಳ ನಾಲ್ಕನೇ ಜ್ವರಕ್ಕೆ ನಿಂತವೆ. ಈಗ ಬಿಟ್ಟು ಹೋಗಕ್ಕಾಯ್ತದಾ?"

"ಹುಳಕ್ಕೆ ಜ್ವರ ಬಂದ್ರೆ ಕಾವಲು ಕೂತ್ಕತೀಯ, ಮಗೂಗೆ ಬಂದ್ರೆ ಮಾತಾಡ್ತೀಯ" ಎಂದಳು ಆ ಮುದುಕಿ. ಪಿಳ್ಳಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ.

ಅವರು ಗುಡಿಸಲು ತಲುಪಿದಾಗ ಅಮ್ಮನವರು ಬಾವಿಯ ಬಳಿ ಒಂದು ಹಳೆಯ ಹಿಪ್ಪುನೇರಳೆ ಮರದ ಕೆಳಗೆ ಅಕ್ಕಿ ಆರಿಸುತ್ತ ಕುಳಿತಿದ್ದರು. ರೇಷ್ಮೆಗೆ ಸಾಮಾನ್ಯವಾಗಿ ಹಿಪ್ಪುನೇರಳೆಯನ್ನು ಗಿಡವಾಗಿಯೇ ಕತ್ತರಿಸಿ ಬೆಳೆಸುತ್ತಾರೆ. ಕತ್ತರಿಸದೆ ಬಿಟ್ಟರೆ ಅದು ಹೀಗೆ ಮರವಾಗುತ್ತದೆ. ನಾಗವೇಣಿ ಮಗುವನ್ನು ಅವರ ಪಾದದ ಬಳಿ ಕೂರಿಸಿ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಪಿಳ್ಳಪ್ಪ ನಿಂತೇ ಇದ್ದ.

ಅಮ್ಮನವರು ಮಗುವಿನ ಕೈಯನ್ನು ತಮ್ಮ ಬೆಂದ ಬೆರಳುಗಳಲ್ಲಿ ಹಿಡಿದು ಕೇಳಿದರು. "ಆಸ್ಪತ್ರೇಲಿ ಇದ್ದಾಗ ಚೆನ್ನಾಗಿರ್ತಾಳಾ?"

"ಚೆನ್ನಾಗಿರ್ತಾಳೆ ತಾಯಿ. ಅಲ್ಲಿ ಆಟ ಆಡ್ತಾಳೆ."

"ಮನೇಗೆ ಬಂದ್ರೆ?"

ನಾಗವೇಣಿ ಮಗುವಿನ ಮುಖ ನೋಡಿದಳು. ಆ ಪ್ರಶ್ನೆಯನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಅಂದ್ರೆ ನಮ್ಮನೇಲಿ ಗಾಳಿ ಗೀಳಿ ಐತೆ ಅಂತೀರೇನಮ್ಮಾ?" ಎಂದ ಪಿಳ್ಳಪ್ಪ. ಗಾಳಿ ಎಂದರೆ ದೆವ್ವ. "ಶಾಂತಿ ಮಾಡ್ಸಿ, ಕೋಳಿ ಕೊಯ್ಯಿ ಅಂತ ಹೇಳಕ್ಕೇನಾ?" ಅವನ ಮಾತಿನಲ್ಲಿ ಕೊಂಕಿತ್ತು.

ಅಮ್ಮನವರು ನಕ್ಕರು. "ನಾಳೆ ಮಧ್ಯಾಹ್ನ ನಿಮ್ಮನೇಗೆ ಊಟಕ್ಕೆ ಬರ್ತೀನಿ ಪಿಳ್ಳಪ್ಪ" ಎಂದರು. ಅಷ್ಟೇ.

ಇದು ಎಷ್ಟು ದೊಡ್ಡ ಮಾತೆಂದು ಹೊರಗಿನವರಿಗೆ ತಿಳಿಯಲಾರದು. ಗುಟ್ಟಕ್ಕೆ ಬಂದ ಮೇಲೆ ಅಮ್ಮನವರು ಯಾರ ಮನೆಯಲ್ಲೂ ಉಂಡಿರಲಿಲ್ಲ. ಕರೆದವರಿಗೆಲ್ಲ ಕೈಮುಗಿದು ಬೇಡವೆಂದಿದ್ದರು. ಕರೆಯದವನ ಮನೆಗೆ ತಾವಾಗಿ ಬರುತ್ತೇನೆಂದರು. ಅಕ್ಕಯ್ಯಮ್ಮನಿಗೆ ಸಂಭ್ರಮ, ನಾಗವೇಣಿಗೆ ಮಾತ್ರ ಭಯ. ಮಗುವಿನ ಆಯಸ್ಸು ಮುಗಿಯಿತೆಂದು ತಿಳಿದು, ನೋಡಿ ಹೋಗಲು ಬರುತ್ತಿದ್ದಾರೋ ಏನೋ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಮರುದಿನ ಅಮ್ಮನವರು ಬಂದವರು ಮನೆಯ ಹೊಸ್ತಿಲಿಗೆ ಬರಲಿಲ್ಲ. ನೇರವಾಗಿ ಹುಳುಮನೆಯ ಕಡೆಗೆ ನಡೆದರು. ಬೆಳಿಗ್ಗೆಯಷ್ಟೇ ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು. ಜ್ವರ ಬಿಟ್ಟೆದ್ದ ಹುಳಕ್ಕೆ ಭಾರಿ ಹಸಿವು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವ ಚರಚರ ಸದ್ದು ಅಂಗಳದವರೆಗೂ ಕೇಳುತ್ತಿತ್ತು.

ಪಿಳ್ಳಪ್ಪ ಓಡಿ ಬಂದು ಅಡ್ಡ ನಿಂತ. "ಅಮ್ಮಾ, ತಪ್ಪು ತಿಳ್ಕೋಬೇಡಿ. ಒಳಕ್ಕೆ ಬೇಡ. ನೀವು ಟೊಮೇಟೊ ತೋಟದ ಬದುವಿನ ಮೇಲೇ ಬಂದ್ರಿ. ನೆನ್ನೆ ಸಾಯಂಕಾಲ ಗುಟ್ಟದಿಂದ ಬಂದು ಅಲ್ಲಿ ಔಷಧಿ ಹೊಡೆದಿದ್ದೀನಿ. ನಿಮ್ಮ ಸೀರೆ ಅಂಚು ಗಿಡಕ್ಕೆ ತಾಗಿರ್ತದೆ."

ಬಾಗಿಲಿನಿಂದ ನೋಡುತ್ತಿದ್ದ ಅಕ್ಕಯ್ಯಮ್ಮ ಹಣೆ ಚಚ್ಚಿಕೊಂಡಳು. "ಲೋ ಪಾಪಿ, ಯಾರನ್ನ ತಡೀತಿದ್ದೀಯೋ!"

ಆದರೆ ಅಮ್ಮನವರಿಗೆ ಕೋಪ ಬರಲಿಲ್ಲ. ಶಿಷ್ಯರಂತೆ ಎರಡು ಹೆಜ್ಜೆ ಹಿಂದೆ ಸರಿದು, ಹೊರಗೆ ನಿಂತೇ ಕೇಳಿದರು. "ಸೊಪ್ಪು ಎಲ್ಲಿಂದ ತರ್ತೀಯಪ್ಪಾ?"

ಪಿಳ್ಳಪ್ಪನಿಗೆ ತನ್ನ ಕೆಲಸದ ಬಗ್ಗೆ ಕೇಳುವವರು ಸಿಕ್ಕರೆ ಬಹಳ ಹೆಮ್ಮೆ. "ಮೇಲಿನ ಹೊಲದಿಂದ ಅಮ್ಮಾ. ಕೆಳಗಿನ ಗಾಳಿ ಅಲ್ಲಿಗೆ ಬರಲ್ಲ. ಬದುವಿನ ಮೇಲಿನ ಸಾಲು ಗಿಡದ್ದು ಹಾಕಲ್ಲ, ಧೂಳಿರ್ತದೆ."

"ನೀರು?"

"ದೂರದ ಬಾವೀದು. ಕೊಡದಲ್ಲಿ ಹೊತ್ತು ತರ್ತೀವಿ. ಇಲ್ಲಿ ತೊಟ್ಟಿ ನೀರು ಸೋಕ್ಸಲ್ಲ, ಔಷಧಿ ಕಲಸೋ ಡ್ರಮ್ಮು ತೊಳೆಯೋದು ಅಲ್ಲೇ ಅಲ್ವಾ."

ನಾಗವೇಣಮ್ಮನವರು ಇಲ್ಲಿ ನನ್ನ ಮುಖ ನೋಡಿದರು. ಮನೆಯ ಅಡುಗೆಗೆ, ಕುಡಿಯುವುದಕ್ಕೆ, ಮಗುವಿನ ಸ್ನಾನಕ್ಕೆ ಬಳಸುತ್ತಿದ್ದದ್ದು ಆ ತೊಟ್ಟಿಯ ನೀರೇ. ಅದು ಆ ಕ್ಷಣದಲ್ಲಿ ಗಂಡನಿಗೂ ಹೊಳೆಯಲಿಲ್ಲ, ತಮಗೂ ಹೊಳೆಯಲಿಲ್ಲ ಎಂದರು. "ಹುಳದ ವಿಷಯ ಬೇರೆ, ಮನೆ ವಿಷಯ ಬೇರೆ ಅನ್ನೋ ಹಾಗೆ ಇದ್ದೋ ನೋಡಿ" ಎಂದರು.

ಅಮ್ಮನವರು ಕಾಲು ತೊಳೆದು ಮನೆಯೊಳಗೆ ಬಂದು ಕುಳಿತರು. ಎಲೆ ಹಾಕಿದರು. ಅಕ್ಕಯ್ಯಮ್ಮ ತನ್ನ ಕೈಯಾರೆ ಮಾಡಿದ ಅಡುಗೆ: ರಾಗಿಮುದ್ದೆ, ಬೆರಕೆಸೊಪ್ಪಿನ ಮಸ್ಸೊಪ್ಪು, ಮೊಸರು.

ಬೆರಕೆಸೊಪ್ಪು ಎಂದರೆ ಯಾರೂ ಬಿತ್ತದೆ ಹೊಲದ ಸಾಲುಗಳ ನಡುವೆ ತಾನಾಗಿ ಹುಟ್ಟುವ ಹತ್ತಾರು ಬಗೆಯ ಸೊಪ್ಪು. ಅಣ್ಣೆ, ಕೀರೆ, ಗಣಿಕೆ, ಗೋಣಿ, ಇನ್ನೂ ಹೆಸರೇ ಗೊತ್ತಿಲ್ಲದವು. ಅವನ್ನೆಲ್ಲ ಒಂದೇ ಮಡಿಲಿಗೆ ಕಿತ್ತು ತಂದು ಬೇಳೆಯ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಇದರಷ್ಟು ರುಚಿಯೂ ಬಲವೂ ಬೇರೆ ಊಟದಲ್ಲಿಲ್ಲವೆಂದು ನಮ್ಮ ಕಡೆಯ ಹಿರಿಯರು ನಂಬುತ್ತಾರೆ, ಅದು ಸುಳ್ಳೂ ಅಲ್ಲ.

"ನನ್ನ ಅತ್ತೆ ಬಾಣಂತನದಲ್ಲಿ ನಂಗೆ ಇದನ್ನೇ ಹಾಕಿದ್ದು ತಾಯಿ" ಎಂದಳು ಅಕ್ಕಯ್ಯಮ್ಮ. "ಇವನನ್ನೂ ಇದರಲ್ಲೇ ಬೆಳೆಸಿದ್ದು. ಮಗು ಆಸ್ಪತ್ರೆಯಿಂದ ಬಂದಾಗ್ಲೆಲ್ಲಾ ಸೊರಗಿರ್ತದಲ್ಲ, ರಕ್ತ ಆಗ್ಲಿ ಅಂತ ದಿನಾ ಎರಡೊತ್ತೂ ನಾನೇ ಕಿತ್ತು ತಂದು ತಿನ್ನುಸ್ತೀನಿ. ಇವಳು ಬೇಡ ಅಂದ್ರೂ ಬಿಡಲ್ಲ. ಇವತ್ತು ಬೆಳಿಗ್ಗೆ ಕಿತ್ತಿದ್ದು, ನೋಡಿ, ಎಷ್ಟು ಎಳೇದು!" ಎನ್ನುತ್ತ ಸುಕನ್ಯಳನ್ನು ತೊಡೆಯ ಮೇಲೆ ಎಳೆದುಕೊಂಡು, ಮುದ್ದೆಯನ್ನು ಮುರಿದು ಮಸ್ಸೊಪ್ಪಿನಲ್ಲಿ ಅದ್ದಿ ತುತ್ತು ಎತ್ತಿದಳು.

"ಎಲ್ಲಿ ಕಿತ್ತೆ ಅಕ್ಕಯ್ಯಮ್ಮಾ?" ಎಂದು ಕೇಳಿದರು ಅಮ್ಮನವರು.

"ಕೆಳಗಿನ ಹೊಲದಲ್ಲಿ. ಟೊಮೇಟೊ ಸಾಲಿನ ಮಧ್ಯೆ."

ಅಮ್ಮನವರು ತಮ್ಮ ಎಲೆಯ ಮೇಲಿನ ಮಸ್ಸೊಪ್ಪನ್ನು ಒಂದು ಬಟ್ಟಲಿಗೆ ಹಾಕಿ ಪಿಳ್ಳಪ್ಪನ ಮುಂದೆ ಹಿಡಿದರು. ಅವರ ದನಿ ಎಂದಿನಂತೆ ಮೆಲ್ಲಗಿತ್ತು. "ಇದನ್ನ ತಗೊಂಡು ಹೋಗಿ ಹುಳದ ತಟ್ಟೇಲಿ, ಸೊಪ್ಪಿನ ಪಕ್ಕ, ಒಂದು ಗಳಿಗೆ ಇಟ್ಟು ಬಾ."

"ಅಯ್ಯೋ ಬೇಡಮ್ಮಾ!" ಪಿಳ್ಳಪ್ಪ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. "ನೆನ್ನೆ ಹೊಡೆದಿರೋ ಔಷಧಿ! ಅದರ ವಾಸನೆ ಸೋಕಿದ್ರೂ ಒಂದು ಹುಳ ಉಳಿಯಲ್ಲ..."

ಮಾತು ಅವನ ಬಾಯಲ್ಲೇ ನಿಂತಿತು.

ಅಕ್ಕಯ್ಯಮ್ಮನ ಕೈಯಲ್ಲಿ ತುತ್ತಿತ್ತು. ಮಗು ಬಾಯಿ ತೆರೆದಿತ್ತು. ನಾಗವೇಣಿ ಹೇಗೆ ಹಾರಿ ಬಂದಳೋ ಅವಳಿಗೇ ಗೊತ್ತಿಲ್ಲ. ಅತ್ತೆಯ ಕೈಯನ್ನು ಎಷ್ಟು ಜೋರಾಗಿ ತಳ್ಳಿದಳೆಂದರೆ ತುತ್ತು ಗೋಡೆಗೆ ಹೋಗಿ ಅಂಟಿಕೊಂಡಿತು. ಸೊಸೆಯಾದವಳು ಅತ್ತೆಯ ಮೈಮೇಲೆ ಕೈ ಮಾಡಿದ್ದು ಆ ಮನೆಯಲ್ಲಿ ಅದೇ ಮೊದಲು, ಅದೇ ಕೊನೆ. ಮಗು ಗಾಬರಿಯಿಂದ ಅಳತೊಡಗಿತು.

ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳದಿದ್ದರೆ ಅಕ್ಕಯ್ಯಮ್ಮನಿಗೆ ಅನ್ಯಾಯವಾಗುತ್ತದೆ. ಅವಳು ಸೊಪ್ಪು ಕೀಳುತ್ತಿದ್ದ ಆ ಹೊಲದಲ್ಲಿ ಐವತ್ತು ವರ್ಷ ರಾಗಿ ಬೆಳೆದಿತ್ತು. ಔಷಧಿಯ ಹನಿ ಬಿದ್ದಿರಲಿಲ್ಲ. ಟೊಮೇಟೊ ಬಂದದ್ದು ಮೂರು ವರ್ಷದ ಈಚೆಗೆ. ಆ ವರ್ಷ ಕಾಯಿಕೊರಕ ಹೆಚ್ಚಾಗಿ ಪಿಳ್ಳಪ್ಪ ಎಂಟು ದಿನಕ್ಕೊಮ್ಮೆ ಹೊಡೆಯುತ್ತಿದ್ದ. ಮಗ ಔಷಧಿ ಹೊಡೆಯುವುದು ಗಿಡಕ್ಕೆ, ತಾನು ಕೀಳುವುದು ನೆಲದ ಸೊಪ್ಪನ್ನು ಎಂದು ಅವಳು ತಿಳಿದಿದ್ದಳು. ಅಡುಗೆಗೆ ಸೊಪ್ಪು ಎಲ್ಲಿಂದ ಬರುತ್ತದೆಂದು ಪಿಳ್ಳಪ್ಪ ಎಂದೂ ಕೇಳಿರಲಿಲ್ಲ, ಅದು ಹೆಂಗಸರ ಕೆಲಸ. ದೊಡ್ಡವರಿಗೂ ಆಗಾಗ ತಲೆ ಸಿಡಿಯುತ್ತಿತ್ತು, ಬಿಸಿಲೆಂದು ಸುಮ್ಮನಿದ್ದರು. ಎಲ್ಲರಿಗಿಂತ ಹೆಚ್ಚು ತಿಂದದ್ದು ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಜೀವ.

ಅಮ್ಮನವರು ಅಳುವ ಮಗುವನ್ನು ಎತ್ತಿಕೊಂಡು ಪಿಳ್ಳಪ್ಪನಿಗೆ ಹೇಳಿದರು. "ಹುಳಕ್ಕೆ ಏನು ಹಾಕ್ತೀಯೋ, ಅದನ್ನೇ ನನಗೂ ಮಗೂಗೂ ಹಾಕು."

ಪಿಳ್ಳಪ್ಪ ಮೇಲಿನ ಹೊಲಕ್ಕೆ ಹೋಗಿ ಹಿಪ್ಪುನೇರಳೆಯ ಎಳೆಯ ಚಿಗುರು ತಂದ. ನಾಗವೇಣಿ ದೂರದ ಬಾವಿಯ ನೀರಿನಲ್ಲಿ ಅದನ್ನು ತೊಳೆದು ಬೇಯಿಸಿ, ಉಪ್ಪು ಹಾಕಿ ಬಡಿಸಿದಳು. ಆ ಸೊಪ್ಪನ್ನು ಮನುಷ್ಯರೂ ತಿನ್ನಬಹುದು, ಆದರೆ ಆ ಮನೆಯಲ್ಲಿ ಯಾರೂ ತಿಂದಿರಲಿಲ್ಲ. ಅಮ್ಮನವರು ಒಂದು ತುತ್ತು ತಾವು ಉಂಡು, ಒಂದು ತುತ್ತು ಮಗುವಿಗೆ ಉಣ್ಣಿಸಿದರು.

ಅಕ್ಕಯ್ಯಮ್ಮ ಮೂಲೆಯಲ್ಲಿ ಕುಳಿತು ತನ್ನ ಕೈಯನ್ನೇ ನೋಡುತ್ತಿದ್ದಳು. "ನಾನೇ ಹಾಕ್ದೆ. ಈ ಕೈಯಲ್ಲೇ ಹಾಕ್ದೆ" ಎಂದಷ್ಟೇ ಹೇಳುತ್ತಿದ್ದಳು.

ಅಮ್ಮನವರು ಹೊರಡುವಾಗ ಅವಳ ಬಳಿ ನಿಂತರು. "ನೀನು ಹಾಕಿದ್ದು ಪ್ರೀತೀನೇ ಅಕ್ಕಯ್ಯಮ್ಮಾ. ಹೊಲ ಬದಲಾಗಿತ್ತು. ನಿಂಗೆ ಯಾರೂ ಹೇಳ್ಲಿಲ್ಲ." ಆಮೇಲೆ ಪಿಳ್ಳಪ್ಪನ ಕಡೆ ತಿರುಗಿ, "ಈಗಲೇ ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಎಲ್ಲಾನೂ ಹೇಳು, ಏನೂ ಮುಚ್ಚಿಡಬೇಡ" ಎಂದರು.

ಡಾಕ್ಟರು ಎಲ್ಲವನ್ನೂ ಕೇಳಿ, ತೊಟ್ಟಿಯ ನೀರನ್ನೂ ಆ ಹೊಲದ ಸೊಪ್ಪನ್ನೂ ಮಗುವಿಗೆ ಮುಟ್ಟಿಸಬಾರದೆಂದರು; ಒಂದು ತಿಂಗಳು ಕಣ್ಣಿಟ್ಟು ಕಾಯಬೇಕೆಂದರು.

ಕಾಯುವುದು ಎಂದು ಒಂದೇ ಪದದಲ್ಲಿ ಬರೆದೆ. ಆದರೆ ಆ ಮನೆಯಲ್ಲಿ ಆ ದಿನಗಳು ಹೇಗೆ ಹೋದವೆಂದರೆ, ಮಗು ಕೆಮ್ಮಿದರೆ ಮೂವರೂ ಒಟ್ಟಿಗೆ ಏಳುತ್ತಿದ್ದರು. ಅಕ್ಕಯ್ಯಮ್ಮ ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಮೊಮ್ಮಗಳಿಗೆ ನೀರಿನ ಲೋಟ ಕೊಡಬೇಕಾದರೂ "ನೀನೇ ಕೊಡು ನಾಗವೇಣಿ" ಎನ್ನುತ್ತಿದ್ದಳು. ಮಗು ತೊಡೆಗೆ ಬಂದರೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಎಂಟು ದಿನಕ್ಕೆ ಔಷಧಿ ಹೊಡೆಯುವ ವಾರ ಮತ್ತೆ ಬಂತು. ಟೊಮೇಟೊ ಕಾಯಿಗಳಲ್ಲಿ ತೂತು ಕಾಣುತ್ತಿದ್ದವು. ಪಿಳ್ಳಪ್ಪ ಡ್ರಮ್ಮಿನ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಗುಟ್ಟಕ್ಕೆ ಹೋದ. ಈ ಸಲ ಅವನು ನಿಲ್ಲಲಿಲ್ಲ, ಅಮ್ಮನವರ ಮುಂದೆ ನೆಲದ ಮೇಲೆ ಕುಳಿತ.

"ಹೊಡೀಲಾ, ಬೇಡ್ವಾ, ನೀವೇ ಹೇಳಿಬಿಡಿ ಅಮ್ಮಾ. ಬೆಳೆ ಬಿಟ್ರೆ ಕೆಟ್ಟೆ, ಹೊಡೆದ್ರೆ ಭಯ."

"ಬೆಳೆ ನಿಂದು. ನಾನು ಹೇಳಲ್ಲ" ಎಂದರು ಅಮ್ಮನವರು. ಆಮೇಲೆ, "ನಿನ್ನ ಹುಳುಮನೆ ಎಲ್ಲೀಗಂಟ ಐತೆ, ಒಂದ್ಸಲ ಸರಿಯಾಗಿ ನೋಡ್ಕೋ" ಎಂದರು.

ಪಿಳ್ಳಪ್ಪನಿಗೆ ದಾರಿಯುದ್ದಕ್ಕೂ ಆ ಮಾತು ಅರ್ಥವಾಗಲಿಲ್ಲವಂತೆ. ಮನೆಗೆ ಬಂದವನು ಸುಣ್ಣದ ಪುಡಿಯ ಬುಟ್ಟಿ ಎತ್ತಿಕೊಂಡ. ಹುಳ ಸಾಕುವವರು ರೋಗ ಒಳಗೆ ಬಾರದಿರಲೆಂದು ಹುಳುಮನೆಯ ಸುತ್ತ ಸುಣ್ಣದ ಪುಡಿಯ ಗೆರೆ ಹಾಕುತ್ತಾರೆ. ಗೆರೆಯ ಒಳಗೆ ಮಡಿ. ಅವನು ಎಂದಿನಂತೆ ಗೆರೆ ಹಾಕುತ್ತ ಬಂದ. ಬಾಗಿಲ ಬಳಿ ಕೈ ನಿಂತಿತು. ಮಗು ಮಲಗುವ ಮನೆ ಗೆರೆಯ ಹೊರಗಿತ್ತು. ಗೆರೆಯನ್ನು ಮನೆಯ ಸುತ್ತ ಒಯ್ದ. ಮನೆ ಒಳಗೆ ಬಂದರೆ ಮಗುವಿಗೆ ಹಾಲು ಕೊಡುವ ಹಸುವಿನ ಕೊಟ್ಟಿಗೆಯೂ ಬರಬೇಕಲ್ಲ, ಅದರ ಸುತ್ತ ಒಯ್ದ. ಹಸು ಮೇಯುವ ಬದು. ತೊಟ್ಟಿ. ತೊಟ್ಟಿಗೆ ನೀರು ಇಳಿದು ಬರುವ ಕಾಲುವೆ. ಅವ್ವ ಸೊಪ್ಪು ಕೀಳುವ ಕೆಳಗಿನ ಹೊಲ. ಸಾಲಿನಿಂದ ಸಾಲಿಗೆ ನಡೆಯುತ್ತ ಎಲ್ಲಿ ಗೆರೆ ನಿಲ್ಲಿಸಬೇಕೆಂದು ಅವನಿಗೆ ತಿಳಿಯಲೇ ಇಲ್ಲ. ಹೊಲದ ಕೊನೆಯಲ್ಲಿ, ಪಕ್ಕದ ಹೊಲದ ಬದುವಿನ ಮೇಲೆ ಬುಟ್ಟಿ ಬರಿದಾಯಿತು.

ಅಲ್ಲಿ ಕಳೆ ಕೀಳುತ್ತಿದ್ದ ಪಕ್ಕದ ಹೊಲದ ದೊಡ್ಡಬಚ್ಚಪ್ಪ ಸೊಂಟ ನೆಟ್ಟಗೆ ಮಾಡಿ ನಗತೊಡಗಿದ. "ಏನ್ ಪಿಳ್ಳಪ್ಪಾ, ಊರಿಗೆಲ್ಲಾ ಹುಳ ಸಾಕಕ್ಕೆ ಹೊರಟ್ಯಾ?"

ಪಿಳ್ಳಪ್ಪ ಬರಿದಾದ ಬುಟ್ಟಿಯನ್ನು ತಲೆಕೆಳಗಾಗಿ ಇಟ್ಟು ಅದರ ಮೇಲೆ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದೊಡ್ಡಬಚ್ಚಪ್ಪ ನಗು ನಿಲ್ಲಿಸಿ ಹತ್ತಿರ ಬಂದು ಕುಳಿತ.

ಪಿಳ್ಳಪ್ಪ ಆ ವಾರ ಔಷಧಿ ಹೊಡೆಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಟೊಮೇಟೊ ಕಾಯಿಕೊರಕದ ಪಾಲಾಯಿತು; ಇದನ್ನು ಮುಚ್ಚಿಡುವುದು ಸರಿಯಲ್ಲ. ಆ ತೊಟ್ಟಿಯನ್ನು ಒಡೆದು ಹಾಕಿದ. ಮುಂದಿನ ಮಳೆಗೆ ಆ ಹೊಲಕ್ಕೆ ರಾಗಿಯನ್ನೂ ಅವರೆಯನ್ನೂ ಬಿತ್ತಿದ. ಹೊಲದಿಂದ ಬಂದವನು ಸ್ನಾನ ಮಾಡದೆ ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅಮ್ಮನವರನ್ನು "ಆಯಮ್ಮ" ಎನ್ನುತ್ತಿದ್ದವನು ಪ್ರತಿ ಬೆಳೆಯ ಹುಳ ತರುವ ಮುಂಚೆ ಗುಟ್ಟಕ್ಕೆ ಹೋಗಿ ನೆಲಕ್ಕೆ ಹಣೆ ಹಚ್ಚಿ ಬರತೊಡಗಿದ. ಮಗುವಿಗೆ ಒಂದು ತಿಂಗಳು ಕಳೆಯಿತು, ಮೂರು ತಿಂಗಳು ಕಳೆಯಿತು. ಕಾಯಿಲೆ ಮತ್ತೆ ಬರಲಿಲ್ಲ. ಆದರೂ ನಾಗವೇಣಿಯ ಭಯ ಹೋಗಲಿಲ್ಲ. ಭಯವೆಂಬುದು ಕಾಯಿಲೆಗಿಂತ ನಿಧಾನವಾಗಿ ಮನೆ ಬಿಡುತ್ತದೆ.

ಅಕ್ಕಯ್ಯಮ್ಮ ಮಾತ್ರ ಒಲೆಯ ಕಡೆ ತಿರುಗಲೇ ಇಲ್ಲ.

ಅದಾದ ಎರಡನೆಯ ವರ್ಷದ ಮಳೆಗಾಲದಲ್ಲಿ ರಾಗಿ ಸಾಲಿನ ನಡುವೆ ಬೆರಕೆಸೊಪ್ಪು ಮಂಡಿಯುದ್ದ ಬೆಳೆಯಿತು. ಪಿಳ್ಳಪ್ಪ ಯಾರಿಗೂ ಹೇಳದೆ ತಾನೇ ಕಿತ್ತು ತಂದ. ನಾಗವೇಣಿ ಮಸ್ಸೊಪ್ಪು ಮಾಡಿದಳು. ಎಲ್ಲರಿಗೂ ಬಡಿಸಿ, ಅಕ್ಕಯ್ಯಮ್ಮನ ತಟ್ಟೆಯನ್ನು ಅವಳ ಮುಂದಿಟ್ಟು, ಸುಕನ್ಯಳನ್ನು ಅದರ ಎದುರಿಗೇ ಕೂರಿಸಿದರು.

"ಅವ್ವಾ, ಮಗೂಗೆ ತಿನ್ಸು" ಎಂದ ಪಿಳ್ಳಪ್ಪ.

ಅಕ್ಕಯ್ಯಮ್ಮ ಹೂಂ ಎಂಬಂತೆ ತಲೆಯಾಡಿಸಿದಳು. ತುತ್ತು ಮುರಿದಳು, ಎತ್ತಲಾರದೆ ತಟ್ಟೆಗೇ ಬಿಟ್ಟಳು. ಮತ್ತೆ ಮುರಿದಳು. "ಆಗಲ್ಲ ಕಣೋ" ಎಂದಳು.

ಆರು ವರ್ಷದ ಸುಕನ್ಯಳಿಗೆ ಹಸಿವಾಗಿತ್ತು, ಇವರ ಸಂಕಟವೊಂದೂ ತಿಳಿಯದು. ಅಜ್ಜಿಗೆ ಕೈನೋವೆಂದು ತಿಳಿದಳೋ ಏನೋ, ತಟ್ಟೆಯಲ್ಲಿ ಬಿದ್ದಿದ್ದ ಆ ತುತ್ತನ್ನು ತನ್ನ ಪುಟ್ಟ ಬೆರಳುಗಳಿಂದ ಎತ್ತಿ, ಮಸ್ಸೊಪ್ಪಿನಲ್ಲಿ ಅದ್ದಿ, ಮುದುಕಿಯ ತುಟಿಯ ಹತ್ತಿರ ಹಿಡಿದಳು.

"ಆ ಅನ್ನು ಅಜ್ಜೀ" ಎಂದಳು. "ಒಂದು ನಿಂಗೆ. ಆಮೇಲೆ ಒಂದು ನಂಗೆ."

ಅಕ್ಕಯ್ಯಮ್ಮ ಬಾಯಿ ತೆರೆದಳು.